ಚಟ್ಟದ ಸುಳಿ

ಕುರುಗೋಡು ಸೀಮೆಯಲ್ಲಿ ಆಕಳು ಕೊಳ್ಳಲು ಬಂದವರು ಮೊದಲು ಕೆಚ್ಚಲು ನೋಡುವುದಿಲ್ಲ, ಹಲ್ಲನ್ನೂ ಎಣಿಸುವುದಿಲ್ಲ. ಅಂಗೈ ಅಗಲಿಸಿ ಬೆನ್ನ ಮೇಲೆ ಆಡಿಸುತ್ತಾರೆ. ಕೂದಲು ಎಲ್ಲಿ ಸುತ್ತಿಕೊಂಡಿದೆ, ಎಷ್ಟು ಕಡೆ, ಯಾವ ಬದಿಗೆ, ಇಷ್ಟು ಇತ್ಯರ್ಥವಾದ ಮೇಲೆಯೇ ಹಾಲಿನ ಮಾತು. ಡುಬ್ಬದ ಹಿಂದೆ, ಬೆನ್ನುಮೂಳೆಯ ಆಚೆಗೊಂದು ಈಚೆಗೊಂದು ಜೋಡಿ ಸುಳಿ ಕೈಗೆ ಸಿಕ್ಕಿತೋ, ಕೊಳ್ಳುವವನು ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದುಬಿಡುತ್ತಾನೆ. ಅದು ಚಟ್ಟದ ಸುಳಿ. ಅಂಥ ದನ ಕೊಂಡು ತಂದವನು ಚಟ್ಟ ಏರುತ್ತಾನೆಂದು ನಂಬಿಕೆ. ಮನೆಯಲ್ಲೇ ಹುಟ್ಟಿದ ಕರುವಿಗಿದ್ದರೆ ಮಾತ್ರ ದೋಷವಿಲ್ಲ. ಈ ರಿಯಾಯಿತಿ ಯಾರು ಕೊಟ್ಟರೋ ತಿಳಿಯದು, ಅದು ಇಲ್ಲದೇ ಹೋಗಿದ್ದರೆ ಎಷ್ಟೋ ಕೊಟ್ಟಿಗೆಗಳು ಖಾಲಿ ಬೀಳುತ್ತಿದ್ದವು.

ಸ್ಟಾಕ್‌ಮನ್ ಕೊಟ್ರಬಸಪ್ಪ ಇದನ್ನೆಲ್ಲ ಕೇಳಿ ಮೂವತ್ತು ವರ್ಷ ನಕ್ಕಿದ್ದ. ದನದ ಆಸ್ಪತ್ರೆಯ ನೌಕರಿಯಲ್ಲಿ ಅವನಿಗಿಂತ ಕೆಳಗೆ ಇದ್ದವನು ಕಸ ಹೊಡೆಯುವವನೊಬ್ಬನೇ. ಆದರೂ ಹಳ್ಳಿಯವರ ಬಾಯಲ್ಲಿ ಅವನು ಡಾಕ್ಟರೇ. ಕೆಲಸಕ್ಕೆ ಸೇರಿದ್ದು ಕುರುಗೋಡಿನಲ್ಲಿ, ನಡುವೆ ಸಿರುಗುಪ್ಪ, ಸಿರಿಗೇರಿ ಅಂತ ಸುತ್ತಿ, ನಿವೃತ್ತಿಗೆ ಎರಡು ವರ್ಷ ಉಳಿದಾಗ ಮತ್ತೆ ಕುರುಗೋಡಿಗೇ ಬಂದು ಬಿದ್ದಿದ್ದ. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಮಗಳು ಗಂಡನ ಮನೆಯಲ್ಲಿ ಸುಖವಾಗಿದ್ದಳು. ಅವನಿಗೆ ಈಗ ಯಾವ ಆತುರವೂ ಇರಲಿಲ್ಲ.

೧೯೮೪ರ ಸಂಕ್ರಾಂತಿ ಕಳೆದು ವಾರಕ್ಕೆ ಬಳ್ಳಾರಿಯಿಂದ ಡಾಕ್ಟರ್ ವಿರೂಪಾಕ್ಷಪ್ಪನವರ ಕಾಗದ ಬಂತು. ವಯಸ್ಸಿನಲ್ಲಿ ಚಿಕ್ಕವರು, ಹುದ್ದೆಯಲ್ಲಿ ದೊಡ್ಡವರು. ಜರ್ಸಿ ಮಿಶ್ರತಳಿಯ ಆಕಳುಗಳು ಬಿಂದಿಗೆಗಟ್ಟಲೆ ಹಾಲು ಕರೆಯುತ್ತವೆ, ನಿಜ. ಆದರೆ ಐದನೆಯ ಸೂಲು ಮುಟ್ಟುವಷ್ಟರಲ್ಲಿ ಒಂದಕ್ಕೆ ಕೆಚ್ಚಲು ಬಾವು, ಇನ್ನೊಂದಕ್ಕೆ ಕಾಲು ಸೋಲು, ಮತ್ತೊಂದು ಗಬ್ಬವೇ ನಿಲ್ಲುವುದಿಲ್ಲ. ಬಾಳಿಕೆ ಎನ್ನುವುದು ರಕ್ತದಲ್ಲೇ ಬರುತ್ತದೆಯೇ ಎಂದು ಸಾಹೇಬರಿಗೆ ತಿಳಿಯಬೇಕಾಗಿತ್ತು. ಹತ್ತು ಸೂಲು ದಾಟಿಯೂ ಹಾಲು ಕೊಡುತ್ತಿರುವ ನಾಟಿ ಆಕಳುಗಳನ್ನು ಪಟ್ಟಿ ಮಾಡಿ, ತಾಯಿ ಯಾವುದು ತಂದೆ ಯಾವುದು ಬರೆದು ಕಳಿಸಬೇಕು, ಅಂಥ ವಂಶದ ಹೋರಿಗರು ಸಿಕ್ಕರೆ ಬೀಜದ ಹೋರಿಯಾಗಿ ಸಾಕಲು ಸರ್ಕಾರ ಕೊಳ್ಳುತ್ತದೆ, ಎಂದು ಬರೆದಿದ್ದರು.

ಆಕಳಿನ ವಯಸ್ಸು ಕೇಳಿದರೆ ಯಾವ ರೈತನೂ ಸರಿಯಾಗಿ ಹೇಳುವುದಿಲ್ಲ. ಕೊಂಬು ಹೇಳುತ್ತದೆ. ಒಂದೊಂದು ಸೂಲಿಗೂ ಕೊಂಬಿನ ಬುಡದಲ್ಲಿ ಒಂದೊಂದು ಬಳೆ ಬೀಳುತ್ತದೆ. ಕೊಟ್ರಬಸಪ್ಪ ಸೈಕಲ್ ತುಳಿದುಕೊಂಡು ಕುರುಗೋಡಿನ ಸುತ್ತಲಿನ ಊರೂರಿಗೆ ಹೋಗಿ, ಆಕಳುಗಳ ಕೊಂಬು ಹಿಡಿದು ಬೆರಳಿನಿಂದ ಬಳೆ ಎಣಿಸಿದ. ಹದಿನೈದು ದಿನಕ್ಕೆ ಹನ್ನೊಂದು ಆಕಳು ಸಿಕ್ಕವು. ತಾಯಿಯ ಕಾಲಂ ತುಂಬಲು ಕಷ್ಟವಾಗಲಿಲ್ಲ. ಇದರವ್ವ ನಮ್ಮತ್ತಿ ತವರಿನಿಂದ ಬಂದಿದ್ದು, ಅದರವ್ವ ಇಂಥವರ ಮನೆಯದು ಎಂದು ಹೆಂಗಸರು ನಾಲ್ಕು ತಲೆಮಾರು ಒಪ್ಪಿಸಿದರು. ತಂದೆ ಯಾವುದೆಂದರೆ ಮಾತ್ರ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಹನ್ನೊಂದಕ್ಕೂ ಹನ್ನೊಂದು ಬೇರೆ ಬೇರೆ ತಾಯಿ. ಅದರಲ್ಲಿ ಕೆಲವು ತಾಯಂದಿರು ಆರೇಳು ಸೂಲಿಗೇ ಸತ್ತಿದ್ದವು.

ಕೊನೆಗೆ ಎಣಿಸಿದ್ದು ಜಂಬಮ್ಮನ ಕೆಂದಾಕಳನ್ನು. ಜಂಬಮ್ಮ ಕುರುಗೋಡಿನ ಅಂಚಿನಲ್ಲಿ ಐದೆಕರೆ ಹೊಲ ಮಾಡಿಕೊಂಡಿದ್ದ ವಿಧವೆ. ಮಾತು ಕಡಿಮೆ, ಆಡಿದರೆ ತೂಕದ್ದು. ಅವಳ ಆಕಳ ಕೊಂಬಿನಲ್ಲಿ ಹದಿಮೂರು ಬಳೆ. ಪಕ್ಕದಲ್ಲಿ ಕಟ್ಟಿದ್ದ ಹೋರಿಗರು ಆ ಆಕಳ ಕಡೆಯ ಕರು. ಕೊಂಬು ಬಿಟ್ಟು ಬೆನ್ನು ಸವರಿದ ಕೊಟ್ರಬಸಪ್ಪನ ಕೈ ನಿಂತಿತು. ಆಕಳ ಬೆನ್ನಲ್ಲಿ ಜೋಡಿ ಸುಳಿ, ಕರುವಿನ ಬೆನ್ನಲ್ಲಿಯೂ ಜೋಡಿ ಸುಳಿ. ಹಿಂದೆ ನೋಡಿದವನ್ನು ನೆನಪಿಸಿಕೊಂಡ. ಎರಡನೆಯ ಸಲ ಹೋಗಿ ಮುಟ್ಟಿ ನೋಡಿದ. ಹನ್ನೊಂದರಲ್ಲಿ ಎಂಟು ಆಕಳಿಗೆ ಚಟ್ಟದ ಸುಳಿ ಇತ್ತು.

ಆ ಸುಳಿ ಯಾರದೆಂದು ಅವನಿಗೆ ಗೊತ್ತಿತ್ತು. ಜಂಬಮ್ಮನ ಗಂಡ ಕೊಟ್ಟೂರಪ್ಪನ ಕೆಂಪು ಹೋರಿಯದು.

ಅದು ೧೯೬೬ರ ಮಾತು. ಕೊಟ್ರಬಸಪ್ಪ ಆಗ ಇನ್ನೂ ಬಿಸಿರಕ್ತದವನು. ಊರ ಬೀಡಾಡಿ ಹೋರಿಗಳ ಬೀಜ ಒಡೆದು, ಒಳ್ಳೆಯ ತಳಿ ತರಬೇಕೆಂದು ಮೇಲಿನಿಂದ ಹುಕುಂ ಬಂದಿತ್ತು. ಒಂದು ಶಿಬಿರಕ್ಕೆ ಇಪ್ಪತ್ತೈದು ಹೋರಿ ಆಗಲೇಬೇಕು. ಕುರುಗೋಡಿನ ಶಿಬಿರದಲ್ಲಿ ಸಂಜೆಯ ಹೊತ್ತಿಗೆ ಇಪ್ಪತ್ತನಾಲ್ಕು ಮುಗಿದಿದ್ದವು. ಆಗ ಕೊಟ್ಟೂರಪ್ಪ ಕೆಂಪು ಹೋರಿ ಹಿಡಿದುಕೊಂಡು ಬಂದ. ಸಿರುಗುಪ್ಪದ ಸಂತೆಯಲ್ಲಿ ಕರುವಿದ್ದಾಗ ಕೊಂಡಿದ್ದು. ಮಾರಿದವನು ಬೆನ್ನಿಗೆ ಅರಿಶಿನ ಬಳಿದಿದ್ದನಂತೆ, ಸುಳಿ ಕಂಡಿದ್ದು ಮನೆಗೆ ಬಂದು ಮೈ ತೊಳೆದ ಮೇಲೆ. ಈಗ ಆ ಹೋರಿಗೆ ಹುಟ್ಟಿದ ಕರುಗಳಿಗೂ ಅದೇ ಸುಳಿ ಬೀಳುತ್ತಿದೆ, ಮಾರಲು ಬರುವುದಿಲ್ಲ ಎಂದು ಊರವರು ಕೊಟ್ಟೂರಪ್ಪನ ಮೇಲೆ ತಕರಾರು ತೆಗೆದಿದ್ದರು.

“ಏನ್ ಮಾಡ್ಲಿ ಡಾಕ್ಟ್ರೆ? ನೀವು ಹೇಳಿದಂಗ ಮಾಡ್ತೀನಿ” ಎಂದ ಕೊಟ್ಟೂರಪ್ಪ.

ಕೊಟ್ರಬಸಪ್ಪನಿಗೆ ಕಣ್ಣಿತ್ತು. ಅಗಲ ಎದೆ, ಕಂಬದಂಥ ಕಾಲು, ಹೊಳೆಯುವ ತೊಗಲು. ಆ ದಿನ ಕೆಡವಿದ ಇಪ್ಪತ್ತನಾಲ್ಕರಲ್ಲಿ ಒಂದೂ ಇದರ ಹತ್ತಿರ ನಿಲ್ಲುವಂಥದಲ್ಲ. ಸುಳಿಯನ್ನು ಅವನು ನಂಬುತ್ತಲೂ ಇರಲಿಲ್ಲ. ಬೇಡ ಎಂದಿದ್ದರೆ ಕೊಟ್ಟೂರಪ್ಪ ಹಗ್ಗ ಹಿಡಿದು ತಿರುಗಿ ಹೋಗುತ್ತಿದ್ದ. “ಒಡೆಸಿಬಿಡ್ರಿ, ಊರ ಬಾಯಿ ಮುಚ್ಚತೈತಿ” ಎಂದ ಕೊಟ್ರಬಸಪ್ಪ, ಇಕ್ಕಳ ಎತ್ತಿಕೊಂಡ. ಇಪ್ಪತ್ತೈದಾಯಿತು. ಮುಂದಿನ ವರ್ಷ ಇಲಾಖೆಯವರು ಕೊಟ್ಟ ಪ್ರಶಸ್ತಿಪತ್ರ ಕಟ್ಟು ಹಾಕಿಸಿಕೊಂಡು ಈಗಲೂ ಅವನ ಮನೆಯ ಗೋಡೆಯಲ್ಲಿತ್ತು. ಹೋರಿ ಎತ್ತಾಗಿ ಇನ್ನೂ ಹದಿನಾರು ವರ್ಷ ಬಂಡಿ ಎಳೆದು, ಎರಡು ವರ್ಷದ ಹಿಂದೆ ಸತ್ತಿತ್ತು. ಕೊಟ್ಟೂರಪ್ಪ ಅದಕ್ಕಿಂತ ಒಂದು ವರ್ಷ ಮೊದಲೇ ಹೋಗಿದ್ದ.

ಕೊಟ್ರಬಸಪ್ಪ ಪಟ್ಟಿ ಹಿಡಿದುಕೊಂಡು ಬಳ್ಳಾರಿಗೆ ಹೋದ. ಸಾಹೇಬರು ಸುಳಿಯ ಸಂಗತಿ ಕೇಳಿ ನಕ್ಕರು, ಆಮೇಲೆ ಪೆನ್ನು ಕೆಳಗಿಟ್ಟು ಯೋಚಿಸಿದರು.

“ನೋಡಿ, ಮಿಕ್ಕ ಆಕಳುಗಳು ಏನಾಗುತ್ತವೆ? ಏಳನೆಯ ಸೂಲಿಗೆ ಹಾಲು ತಗ್ಗಿತು ಅಂತ ಸಂತೆಗೆ ಹೊಡೆಯುತ್ತಾರೆ. ಅಲ್ಲಿಂದ ಎಲ್ಲಿಗೆ ಹೋಗುತ್ತವೆ ಅಂತ ನಿಮಗೂ ಗೊತ್ತು ನನಗೂ ಗೊತ್ತು. ಈ ಸುಳಿಯವನ್ನು ಯಾರೂ ಕೊಳ್ಳಲಿಲ್ಲ, ಮನೆಯಲ್ಲೇ ಉಳಿದವು, ಮುದಿಯಾದವು. ಇದರಲ್ಲಿ ರಕ್ತ ಎಲ್ಲಿ ಬಂತು?”

ಮಾತು ಸರಿಯಾಗಿತ್ತು. ಕೊಟ್ರಬಸಪ್ಪನಿಗೆ ಅದು ಹಿಡಿಸಿತು ಕೂಡ. ಕೊಳ್ಳುವವರಿಲ್ಲದೆ ಉಳಿದವೆಂದಾದರೆ ಕೆಂಪು ಹೋರಿ ಬರೀ ಒಂದು ಹೋರಿ, ಆ ಸಂಜೆಯ ಕೆಲಸ ಬರೀ ಕೆಲಸ. ರಕ್ತವೆಂದಾದರೆ ಒಂದು ಸೀಮೆಯ ದನಗಳ ಆಯುಷ್ಯವನ್ನೇ ಅವನು ಎಣಿಕೆ ತುಂಬಿಸಲು ಇಕ್ಕಳಕ್ಕೆ ಕೊಟ್ಟಂತೆ. ವಾಪಸು ಬರುವಾಗ ಬಸ್ಸಿನಲ್ಲಿ ಹಗುರಾಗಿ ನಿದ್ದೆ ಹೋದ.

ಆ ನಿದ್ದೆ ಎರಡು ದಿನವೂ ಬಾಳಲಿಲ್ಲ. ಜಂಬಮ್ಮ ಆಸ್ಪತ್ರೆಗೆ ಬಂದು, “ಶಿವರಾತ್ರಿ ಆದ ಸೋಮವಾರ ನಮ್ಮ ಹೋರಿಗರದ ಬೀಜ ಒಡದು ಹೋಗ್ರಿ. ಮುಂದ ನೊಗಕ್ಕ ಹೂಡಬೇಕು” ಎಂದಳು. ಸೋಮವಾರಕ್ಕೆ ಹದಿನಾಲ್ಕು ದಿನವಿತ್ತು. ಸುಳಿಯ ಎಂಟು ಆಕಳಿಗೆ ಹುಟ್ಟಿದ ಗಂಡುಗರುಗಳೆಲ್ಲ ಆಗಲೇ ಎತ್ತಾಗಿದ್ದವು. ಕೆಲವುಗಳ ಬೀಜ ಒಡೆದವನೂ ಅವನೇ. ಒಂದೆರಡು ಆಕಳು ಇನ್ನೊಂದು ಕರು ಹಾಕಿದರೆ ಹಾಕಿಯಾವು, ಅದೂ ಗಂಡೇ ಆಗಬೇಕು. ಸದ್ಯಕ್ಕೆ ಉಳಿದದ್ದು ಈ ಕರು ಒಂದೇ. ಅದರ ಮೇಲೆ ಇಕ್ಕಳ ಒತ್ತುವ ಮೊದಲು ಅವನಿಗೆ ನಿಜ ತಿಳಿಯಲೇಬೇಕಾಗಿತ್ತು.

“ಜಂಬಕ್ಕ, ಆ ಕೆಂಪು ಹೋರಿಗೆ ಹುಟ್ಟಿದ ಕರಗಳಿಗೆಲ್ಲ ಸುಳಿ ಇತ್ತೇನು?”

“ಎಲ್ಲಾದಕ್ಕೂ ಎಲ್ಲಿ? ನಮ್ಮನಿಯಾಗ ಎರಡಕ್ಕ ಇದ್ದಿಲ್ಲ. ಅವನ್ನ ಮಾರಿದ್ವಿ. ಒಂದು ಸಿರುಗುಪ್ಪದ ಅಕ್ಕಿ ಮಿಲ್ಲಿನ ಗುಮಾಸ್ತರಿಗೆ. ಇನ್ನೊಂದು ಬಳ್ಳಾರಿಯ ಹಾಲಿನ ಮಾರೆಣ್ಣಗ.”

ಸುಳಿ ಇಲ್ಲದ್ದು, ಮಾರಿ ಹೋದದ್ದು, ಬೇರೆಯವರ ಕೊಟ್ಟಿಗೆಯಲ್ಲಿ ಬೆಳೆದದ್ದು. ಕೊಟ್ರಬಸಪ್ಪನಿಗೆ ಬೇಕಾಗಿದ್ದುದೇ ಅದು. ಅಂಥದ್ದೂ ಹತ್ತು ಸೂಲು ದಾಟಿದ್ದರೆ ಅದು ರಕ್ತದ್ದೇ. ಮರುದಿನವೇ ಸಿರುಗುಪ್ಪಕ್ಕೆ ಹೋದ. ಗುಮಾಸ್ತರ ಮನೆಯವರು ಆಕಳಿಗೆ ಹುಲ್ಲು ಹಾಕುತ್ತಿದ್ದ ಗೋದಲಿ ತೋರಿಸಿದರು, ಬರಿದಾಗಿತ್ತು. ಹನ್ನೆರಡು ಕರು ಹಾಕಿ, ಹೋದ ಆಷಾಢದಲ್ಲಿ ಹುಲ್ಲಿನ ಬಣವೆಯ ಹತ್ತಿರ ಹಾವು ಕಚ್ಚಿ ಸತ್ತಿತಂತೆ. ಹಾವು ಕಚ್ಚದಿದ್ದರೆ ಇನ್ನೂ ಇರುತ್ತಿತ್ತು ಎಂದು ಗುಮಾಸ್ತರು ಮನೆಯ ಹಿರಿಯರೊಬ್ಬರನ್ನು ಕಳೆದುಕೊಂಡವರಂತೆ ಹೇಳಿದರು.

ಮಾರೆಣ್ಣ ಇದ್ದದ್ದು ಬಳ್ಳಾರಿಯ ಕೌಲ್ ಬಜಾರಿನಲ್ಲಿ. ತೆಲುಗು ಕನ್ನಡ ಎರಡನ್ನೂ ಒಂದೇ ಬಾಯಿತುತ್ತಿನಲ್ಲಿ ಕಲೆಸಿ ಆಡುವ ಮನುಷ್ಯ. “ಚೂಡಂಡಿ ಸಾರ್, ಮಹಾಲಕ್ಷ್ಮಿ. ಈಗಲೂ ಎರಡು ಹೊತ್ತಿಗೆ ಮೂರು ಸೇರು ಕೊಡ್ತಾಳ” ಎಂದು ಒಂದು ಮುದಿ ಕೆಂದಾಕಳ ಕುತ್ತಿಗೆ ತುರಿಸಿದ. ಕೊಟ್ರಬಸಪ್ಪ ಬೆನ್ನು ಸವರಿದ. ಸುಳಿ ಇಲ್ಲ. ಕೊಂಬು ಹಿಡಿದ. ಬಳೆಯೂ ಇಲ್ಲ. ಮಾರೆಣ್ಣ ಪ್ರತಿ ಸಂಕ್ರಾಂತಿಗೆ ಗಾಜಿನ ಚೂರಿನಿಂದ ಕೊಂಬು ಹೆರೆದು ನುಣ್ಣಗೆ ಮಾಡಿ ಬಣ್ಣ ಬಳಿಯುತ್ತಿದ್ದ.

“ಎಷ್ಟು ಕರ ಹಾಕೈತಿ?”

“ಬಹಳ ಹಾಕೈತಿ ಸಾರ್.”

“ಬಹಳ ಅಂತ ಕಾಗದದಾಗ ಬರಿಯಾಕ ಆಗಂಗಿಲ್ಲಪ್ಪ.”

ಒಳಗಿಂದ ಮಾರೆಣ್ಣನ ಹೆಂಡತಿ ಗಾದೆಮ್ಮ ಬಂದಳು. ಕೊಟ್ಟಿಗೆಯ ಮೂಲೆಯ ಮೊಳೆಯ ಕಡೆ ಕೈ ತೋರಿಸಿದಳು. ಅಲ್ಲಿ ಕರುಗಳ ಕೊರಳಿಗೆ ಹಾಕುವ ಕಣ್ಣಿಗಳು ಒಂದರ ಮೇಲೊಂದು ತೂಗುಬಿದ್ದಿದ್ದವು. ಮೇಲಿನದು ಹೊಸದು, ಕೆಳಕ್ಕೆ ಹೋದಂತೆ ಕಪ್ಪಾಗಿ, ಇಲಿ ಕಡಿದು, ತೀರ ಕೆಳಗಿನದು ಬರೀ ನಾರು.

“ತಾಯಿ ಬದುಕಿರೋ ತನಕ ಕರದ ಕಣ್ಣಿ ಒಗಿಬಾರ್ದು ಅಂತ ನಮ್ಮವ್ವ ಹೇಳಿದ್ಲು” ಎಂದಳು ಗಾದೆಮ್ಮ.

ಕೊಟ್ರಬಸಪ್ಪ ಒಂದೊಂದಾಗಿ ತೆಗೆದು ನೆಲದ ಮೇಲೆ ಸಾಲಾಗಿ ಇಟ್ಟ. ಹದಿಮೂರು. ಜಂಬಮ್ಮನ ಆಕಳ ಕೊಂಬಿನಲ್ಲಿದ್ದಷ್ಟೇ. ಇನ್ನೊಂದು ಸಲ ಎಣಿಸಿದ.

“ಮಿಕ್ಕ ಆಕಳುಗಳ ಕಣ್ಣಿ ಎಲ್ಲಿ?”

“ಎಲ್ಲಿ ಉಳೀತಾವ್ರಿ? ಈ ಹದಿನಾರು ವರ್ಷದಾಗ ಎಂಟು ಆಕಳ ಬಂದ್ವು, ಹೋದ್ವು. ಅದs ಹುಲ್ಲು, ಅದs ಹಿಂಡಿ. ಏಳು ಕಣ್ಣಿ ದಾಟಿದ್ದು ಒಂದೂ ಇಲ್ಲ. ಯಾವುದನ್ನೂ ನಾವು ಮಾರಿಲ್ಲ, ಇಲ್ಲೇ ಸತ್ತಾವ.”

ಕೊಟ್ರಬಸಪ್ಪ ಗೋದಲಿಯ ಕಟ್ಟೆಯ ಮೇಲೆ ಕುಳಿತ. ಗಾದೆಮ್ಮ ಕೊಟ್ಟ ಚಹಾ ಕುಡಿದ, ಅದಕ್ಕೆ ಸಕ್ಕರೆ ಇತ್ತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಸಾಹೇಬರ ಮಾತು ಇಲ್ಲಿಗೆ ಮುಗಿದಿತ್ತು. ಕೊಳ್ಳುವವರಿಲ್ಲದೆ ಉಳಿದದ್ದಲ್ಲ, ರಕ್ತದಲ್ಲೇ ಇದ್ದದ್ದು. ಪಶ್ಚಾತ್ತಾಪವೆಂದರೆ ಇದೇ ಎಂದು ಅವನಿಗೆ ಗೊತ್ತಾಯಿತು, ಬಲು ತಡವಾಗಿ ಗೊತ್ತಾಯಿತೆಂದೂ ಗೊತ್ತಾಯಿತು.

ಅಲ್ಲಿಂದ ನೇರ ಸಾಹೇಬರ ಕಚೇರಿಗೆ ಹೋಗಿ ಪಟ್ಟಿ ವಾಪಸು ಕೇಳಿದ. ಹನ್ನೊಂದು ಆಕಳಲ್ಲಿ ಸುಳಿ ಇದ್ದ ಎಂಟಕ್ಕೆ, ಹೊಸದಾಗಿ ಸೇರಿಸಿದ ಎರಡಕ್ಕೆ, ತಂದೆಯ ಕಾಲಂನಲ್ಲಿ ಒಂದೇ ಬರೆದ. ಕೆಂಪು ಹೋರಿ, ಕುರುಗೋಡು ಕೊಟ್ಟೂರಪ್ಪನವರದು, ೧೯೬೬ರ ಶಿಬಿರದ ಇಪ್ಪತ್ತೈದನೆಯ ನಂಬರು. ಸಾಹೇಬರು ಓದಿದರು.

“ಶಿಬಿರದ ನಂಬರು ನಿಮಗೆ ಹೇಗೆ ನೆನಪಿದೆ?”

“ಬೀಜ ಒಡೆದವನು ನಾನೇ ಸಾರ್.”

ಸಾಹೇಬರು ಪಟ್ಟಿಯನ್ನು ಫೈಲಿಗೆ ಸೇರಿಸಿದರು. ಜಂಬಮ್ಮನ ಕರುವನ್ನು ಕೊಳ್ಳಲು ಸೋಮವಾರ ವ್ಯಾನು ತೆಗೆದುಕೊಂಡು ತಾವೇ ಬರುವುದಾಗಿ ಹೇಳಿದರು.

ಸೋಮವಾರ ಬಂದರು. ಜೊತೆಯಲ್ಲಿ ಡ್ರೈವರು, ಒಬ್ಬ ಜವಾನ. ಕರುವಿನ ಕಾಲು, ಎದೆ, ಹಲ್ಲು ಎಲ್ಲ ನೋಡಿ ಒಪ್ಪಿದರು. ಇಡೀ ಓಣಿ ನೆರೆದಿತ್ತು. ತಕರಾರು ಬಂದದ್ದು ಯಾರೂ ಎಣಿಸದ ಕಡೆಯಿಂದ. ಜಂಬಮ್ಮ ಕೊಡುವುದಿಲ್ಲ ಎಂದಳು.

“ಬೆಲೆ ಸಾಲದೇನಮ್ಮ?” ಎಂದು ಕೇಳಿದರು ಸಾಹೇಬರು.

“ಬೆಲಿ ಮಾತಲ್ರಿ ಸಾಹೇಬ್ರೆ. ಸುಳಿ ಐತಿ. ನೀವು ಇನ್ನೂ ಬಾಳಿ ಬದುಕೋರು, ಮನಿಯಾಗ ಹೆಂಡ್ರು ಮಕ್ಕಳು ಅದಾರ. ಗೊತ್ತಿದ್ದೂ ನಿಮಗ ಮಾರಿ ನಾನು ಯಾವ ನೀರಾಗ ಕೈ ತೊಳಕೊಳ್ಳಲಿ?”

“ಕೊಳ್ಳೋದು ನಾನಲ್ಲಮ್ಮ, ಸರ್ಕಾರ.”

“ಸರ್ಕಾರ ಅಂದ್ರ ಯಾರು? ಹೊಸ ಹಗ್ಗ ಹಾಕೋನು ಒಬ್ಬ ಇರಬೇಕಲ್ಲ. ಹಾಕಿದೋನು ಮಾಲೀಕ.”

ಅದು ಆ ಸೀಮೆಯ ಪದ್ಧತಿ. ಮಾರಿದವರು ತಮ್ಮ ಹಗ್ಗ ಬಿಚ್ಚಿ ಇಟ್ಟುಕೊಳ್ಳುತ್ತಾರೆ, ಕೊಂಡವನು ತನ್ನ ಹೊಸ ಹಗ್ಗ ಹಾಕಿ ಹೊಡೆದುಕೊಂಡು ಹೋಗುತ್ತಾನೆ. ಸರ್ಕಾರದ ಹಗ್ಗ ಜವಾನನ ಕೈಯಲ್ಲಿತ್ತು. ಈ ಮಾತು ಕೇಳಿ ಅವನು ಅದನ್ನು ಮೆಲ್ಲಗೆ ವ್ಯಾನಿನ ಬಾನೆಟ್ಟಿನ ಮೇಲೆ ಇಟ್ಟು ದೂರ ಸರಿದ. ಡ್ರೈವರಿಗೆ ಅದೇ ಹೊತ್ತಿಗೆ ಟೈರಿನ ಗಾಳಿ ನೋಡಬೇಕೆನಿಸಿತು.

ಕೊಟ್ರಬಸಪ್ಪ ಜಂಬಮ್ಮನನ್ನು ಈಚೆಗೆ ಕರೆದ. “ಕೊಟ್ಟೂರಪ್ಪಾರು ಆ ಹೋರಿ ತಂದು ಹದಿನೆಂಟು ವರ್ಷ ಬದುಕಿದ್ರು, ಜಂಬಕ್ಕ. ಸುಳಿ ಏನ್ ಮಾಡ್ತು?”

“ಹದಿನೆಂಟು ವರ್ಷ ಆದ ಮ್ಯಾಲೂ ಊರೋರು ಸುಳಿನs ಅಂದ್ರು” ಎಂದಳು ಅವಳು. “ಹೆಣ ಅಂಗಳದಾಗ ಇರೋವಾಗ ಅಂದ್ರು. ನಾನು ಕೇಳಿಸಿಕೊಂಡೀನಿ. ಸುಳ್ಳು ಅಂತೀರಿ ನೀವು. ಸುಳ್ಳs ಇರಲಿ. ಇನ್ನೊಬ್ಬಾಕಿ ಅದನ್ನ ಕೇಳೋದು ಬ್ಯಾಡ.”

ಅವಳು ಸುಳಿಗೆ ಹೆದರಿದ್ದಳೆಂದು ಕೊಟ್ರಬಸಪ್ಪ ಎಣಿಸಿದ್ದ. ಅವಳು ಹೆದರಿದ್ದು ಆ ಮಾತಿಗೆ. ಆಗ ಅವನು ಹದಿನೆಂಟು ವರ್ಷ ಯಾರಿಗೂ ಹೇಳದಿದ್ದುದನ್ನು ಹೇಳಿದ.

“ಆವತ್ತು ನಿಮ್ಮನಿಯವರು ನನ್ನ ಕೇಳಿದ್ರು, ಏನ್ ಮಾಡ್ಲಿ ಅಂತ. ಹೋರಿ ಭಾರಿ ಐತಿ, ಬೀಜ ಒಡಿಬಾರ್ದು ಅಂತ ನನಗ ಗೊತ್ತಿತ್ತು. ಇಪ್ಪತ್ತೈದಕ್ಕ ಒಂದು ಕಡಿಮಿ ಬಿದ್ದಿತ್ತು, ಅದಕ್ಕ ಒಡೆಸ್ರಿ ಅಂದೆ. ಊರೋರದು ತಪ್ಪಲ್ಲ, ಸುಳಿದೂ ತಪ್ಪಲ್ಲ. ನಂದು.”

ಜಂಬಮ್ಮ ಅವನ ಮುಖ ನೋಡಿದಳು. “ಇಕ್ಕಳ ಹಾಕಿದ ದಿನ ಅವರು ಊಟ ಮಾಡ್ಲಿಲ್ಲ” ಎಂದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸಲೀಸಾಗುತ್ತಿತ್ತು.

“ಕರ ನನಗ ಮಾರ್ರಿ” ಎಂದ ಕೊಟ್ರಬಸಪ್ಪ. “ಕೊಳ್ಳೋನು ನಾನು. ನನಗ ಹೆಂಡತಿ ಇಲ್ಲ, ಯಾರೂ ಯಾರಿಗೂ ಏನೂ ಅನ್ನಂಗಿಲ್ಲ. ಬರೋದಿದ್ರ ಅದು ನನಗ ಬರಬೇಕಾದ್ದು. ಆಮ್ಯಾಲೆ ನಾನು ಸರ್ಕಾರಕ್ಕ ಹಂಗs ಕೊಡ್ತೀನಿ. ನನ್ನ ಹಗ್ಗದ ಸಮೇತ.”

ಜಂಬಮ್ಮ ಒಳಗೆ ಹೋಗಿ ಎಲೆ ಅಡಿಕೆ ತಂದಳು. ಕೊಟ್ರಬಸಪ್ಪ ಅದರ ಮೇಲೆ ವ್ಯಾಪಾರದ ಗುರುತಿಗೆ ಒಂದು ರೂಪಾಯಿ ಇಟ್ಟ. ಅವಳು ಕರುವಿನ ಕೊರಳಿನಿಂದ ತನ್ನ ಹಗ್ಗ ಬಿಚ್ಚಿದಳು. ಓಣಿಯವರು ಎರಡು ಹೆಜ್ಜೆ ಹಿಂದಕ್ಕೆ ಸರಿದರು. ಅವನು ಬಾನೆಟ್ಟಿನ ಮೇಲಿನ ಹಗ್ಗ ಮುಟ್ಟಲಿಲ್ಲ. ಓಣಿಯ ತುದಿಯ ಅಂಗಡಿಗೆ ನಡೆದು ಹೋಗಿ ತನ್ನ ದುಡ್ಡಿನಲ್ಲೇ ಹೊಸದೊಂದನ್ನು ತಂದ. ಮೂವತ್ತು ವರ್ಷ ಸುಳಿಗೆ ನಕ್ಕವನು ಕುಣಿಕೆಯನ್ನು ಒಂದು ಸಲ ಹಾಕಿ ಮತ್ತೆ ಬಿಚ್ಚಿದ. ಅವನಿಗೆ ನಿಜವಾಗಿಯೂ ಭಯವಾಗಿತ್ತು. ಭಯವಾಗಿದ್ದಕ್ಕೆ ನಾಚಿಕೆಯೂ ಆಯಿತು, ಆದರೂ ಕುಣಿಕೆ ಬಿಗಿದ.

ಸಾಹೇಬರು ಫಾರಂ ಚಾಚಿದರು. ಮಾಲೀಕರ ಹೆಸರು ಎಂದಿದ್ದ ಕಡೆ ಕೊಟ್ರಬಸಪ್ಪ ತನ್ನ ಹೆಸರು ಬರೆದು, ಕೆಳಗೆ ದಾನ ಎಂದು ಬರೆದು ಸಹಿ ಹಾಕಿದ. ಕರು ವ್ಯಾನು ಹತ್ತಲು ಸ್ವಲ್ಪ ಹಟ ಮಾಡಿತು, ಆಮೇಲೆ ಹತ್ತಿತು. ಹಗ್ಗ ಹಿಡಿಯುವವರು ಬೇರೆ ಯಾರೂ ಇರಲಿಲ್ಲವಾದ್ದರಿಂದ ಕೊಟ್ರಬಸಪ್ಪನೂ ಹಿಂದೆ ಹತ್ತಿ ಕುಳಿತ.

ಜಂಬಮ್ಮ ತನ್ನ ಹಳೆಯ ಹಗ್ಗವನ್ನು ಸುತ್ತಿ ಕೈಯಲ್ಲಿ ಹಿಡಿದು ವ್ಯಾನಿನ ಹತ್ತಿರ ಬಂದಳು.

“ಡಾಕ್ಟ್ರೆ, ಪ್ರತಿ ಯುಗಾದಿಗೆ ನಮ್ಮನಿಗೆ ಬಂದು ಮುಖ ತೋರಿಸಿ ಹೋಗ್ರಿ.”

“ಯಾಕ ಜಂಬಕ್ಕ?”

“ನೀವು ಅದೀರಿ ಅಂತ ನನಗ ಗೊತ್ತಾಗಬೇಕು. ಊರೋರಿಗೂ ಗೊತ್ತಾಗಬೇಕು.”

ಬರುತ್ತೇನೆ ಎಂದ ಕೊಟ್ರಬಸಪ್ಪ. ಆ ವರ್ಷದ ಯುಗಾದಿಗೆ ಇನ್ನು ಒಂದು ತಿಂಗಳಷ್ಟೇ ಇತ್ತು, ಅವನು ವ್ಯಾನು ಓಣಿ ದಾಟುವ ಮೊದಲೇ ದಿನ ಎಣಿಸತೊಡಗಿದ್ದ.